ತಾನಾಗಿ ಬೆಳೆದ ಕಲ್ಲು

ಮಂಗಸೂಳಿ
18 ನವೆಂಬರ್ 2024, ಸೋಮವಾರ

ಅವ್ವಾ,

ಕಾಲಿಗೆ ಬೀಳುತ್ತೇನೆ. ಪತ್ರದ ಮೊದಲ ಸಾಲಿಗೆಂದು ಎಲ್ಲರೂ ಬರೆಯುತ್ತಾರಲ್ಲ, ಹಾಗಲ್ಲ, ನಿಜವಾಗಿಯೂ ಬೀಳುತ್ತಿದ್ದೇನೆ. ಅಪ್ಪನಿಗೆ ಹೇಗಾದರೂ ಹೇಳಿ ದೇವರ ಗಂಟು ಬಿಚ್ಚಿಸು, ನನ್ನ ಕಲ್ಲನ್ನು ಕಳಿಸಿಕೊಡು. ಗುರುವಾರ ಸಂಜೆ ನಾನು ಮಿರಜದಲ್ಲಿ ಮುಂಬೈ ಗಾಡಿ ಹತ್ತಬೇಕು, ಅಲ್ಲಿಂದ ವಿಮಾನ. ಕಲ್ಲು ಕೈಯಲ್ಲಿಲ್ಲದಿದ್ದರೆ ಹೋಗಿಯೂ ಉಪಯೋಗವಿಲ್ಲ. ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿದ್ದರೆ ಇಷ್ಟೇ ಓದಿಕೊಂಡು ಮೊದಲು ಆ ಕೆಲಸ ಮಾಡು, ಉಳಿದದ್ದನ್ನು ಆಮೇಲೆ ಓದು.

ಫೋನು ಮಾಡಿ ಮಾಡಿ ಸಾಕಾಗಿದೆ. ಅಪ್ಪನದೂ ಬಾಳೇಶಣ್ಣನದೂ ಎರಡೂ ಬಂದ್. ಬಯಲಲ್ಲಿ ಕುರಿ ತರುಬಿಕೊಂಡು ಕೂತವರಿಗೆ ಚಾರ್ಜು ಎಲ್ಲಿಂದ ಬರಬೇಕು ಎಂದು ನನಗೂ ಗೊತ್ತು, ಆದರೂ ಸಿಟ್ಟು ಬರುತ್ತದೆ. ನಾನೇ ಹುಡುಕಿಕೊಂಡು ಬಂದುಬಿಡುತ್ತಿದ್ದೆ. ಆಯಿಯನ್ನು ಯಾರ ಮೇಲೆ ಹಾಕಿ ಬರಲಿ? ಹಾಸಿಗೆ ಹಿಡಿದ ನಿನ್ನ ಅತ್ತೆಯನ್ನು ನನಗೆ ಒಪ್ಪಿಸಿ ನೀನು ಹಿಂಡಿನ ಹಿಂದೆ ಹೋಗಿದ್ದೀಯ. ವೈನಿ, ನಿನ್ನ ಸೊಸೆ, ಬುಧವಾರ ತವರಿನಿಂದ ಬರುವ ತನಕ ನಾನು ಹೊಸ್ತಿಲು ದಾಟುವ ಹಾಗಿಲ್ಲ. ಈ ಪತ್ರವನ್ನು ಭರಮು ನಾಳೆ ತನ್ನ ಹಾಲಿನ ಟೆಂಪೋದಲ್ಲಿ ಯಡೂರಿನ ತನಕ ತರುತ್ತಾನೆ. ಅಲ್ಲಿ ಅಪ್ಪನ ಹೆಸರು ಹಿಡಿದು ಯಾರನ್ನು ಕೇಳಿದರೂ ಭೀಮಸಿಯ ಕುರಿ ಯಾವ ಹೊಲದಲ್ಲಿವೆ ಎಂದು ತೋರಿಸುತ್ತಾರಂತೆ. ಅಪ್ಪನಿಗೆ ಓದಲು ಬಾರದು, ನಿನಗೆ ಬರುತ್ತದೆ. ಆ ಧೈರ್ಯದ ಮೇಲೆಯೇ ಎಲ್ಲವನ್ನೂ ಬರೆಯುತ್ತಿದ್ದೇನೆ. ಅಣ್ಣನ ಕೈಗೆ ಮಾತ್ರ ಕೊಡಬೇಡ, ಅವನು ಇಡೀ ಹಿಂಡಿಗೆ ಕೇಳುವ ಹಾಗೆ ಓದುತ್ತಾನೆ.

ನಾನು ಬಂದ ಸಂಜೆ ನಿನಗೆ ನೆನಪಿರಬೇಕು. ಉಗಾರದಲ್ಲಿ ರೈಲು ಇಳಿದು ಬಂದವಳು ಚೀಲವನ್ನು ಎದೆಗೆ ಅವಚಿಕೊಂಡೇ ಚಹಾ ಕುಡಿದೆ. "ಕೂಸ ಮಲಗೈತೇನ ಅದರಾಗ?" ಎಂದು ನೀನು ನಕ್ಕೆ. ಡಬ್ಬಿ ತೆಗೆದು ತೋರಿಸಿದೆ. ನಿಂಬೆಹಣ್ಣಿನಷ್ಟು ದೊಡ್ಡದು, ಬೆಳ್ಳಿಯ ಬಣ್ಣ, ಸುತ್ತಲೂ ಹನ್ನೆರಡು ಮುಖ, ಒಂದೊಂದು ಮುಖಕ್ಕೂ ಐದೈದು ಮೂಲೆ. ಅಪ್ಪ ಕಂಬಳಿಗೆ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡ. ದೀಪದ ಹತ್ತಿರ ಒಯ್ದು ಒಂದೊಂದೇ ಮುಖವನ್ನು ಹೆಬ್ಬೆರಳಿನಿಂದ ಸವರಿದ. ಯಾರು ಕಡೆದದ್ದು ಇದನ್ನು ಎಂದು ಕೇಳಿದ.

"ಯಾರೂ ಕಡದಿಲ್ಲಪ್ಪಾ," ಅಂದೆ. "ತಾನಾಗೇ ಹಿಂಗ ಬೆಳದೈತಿ."

ಸುಳ್ಳೇನೂ ಹೇಳಲಿಲ್ಲ. ಸತು, ಮೆಗ್ನೀಸಿಯಂ, ಇಟ್ರಿಯಂ ಎಂಬ ಮೂರು ಲೋಹಗಳನ್ನು ಮೂಸೆಯಲ್ಲಿ ಕರಗಿಸಿ, ಕುಲುಮೆಯನ್ನು ಬಹಳ ನಿಧಾನವಾಗಿ ಆರಲು ಬಿಟ್ಟರೆ, ಒಳಗೆ ಅದು ಮುಖ ಮೂಡಿಸಿಕೊಂಡು ತಾನೇ ಬೆಳೆಯುತ್ತದೆ. ಕುಲುಮೆಯ ಮಾತನ್ನು ನಾನು ಎತ್ತಲಿಲ್ಲ, ಅಷ್ಟೇ. ಎತ್ತುವಷ್ಟರಲ್ಲಿ ಅಪ್ಪ ರುಮಾಲು ತೆಗೆದು ಕೆಳಗಿಟ್ಟಿದ್ದ. ಯಾರೂ ಕಡೆಯದೆ ತಾನಾಗಿ ಬೆಳೆದ ಕಲ್ಲೆಂದರೆ ನಮ್ಮಲ್ಲಿ ಉದ್ಭವ ದೇವರು. ಕುರುಬರ ಮನೆಯಲ್ಲಿ ಹುಟ್ಟಿ ಇದು ಗೊತ್ತಿಲ್ಲದಿರಲು ನಾನೇನು ಹಾದಿಯಲ್ಲಿ ಸಿಕ್ಕವಳೇ? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಹೋದ ಮಳೆಗಾಲದಲ್ಲಿ ನೀಲಿ ನಾಲಿಗೆಯ ಬೇನೆ ಬಂದು ಅರ್ಧ ಹಿಂಡು ಹೋದ ಮೇಲೆ ಅಪ್ಪ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆ ಸಂಜೆ ನಕ್ಕ. ಅದಕ್ಕಿಂತ ಹೆಚ್ಚಾಗಿ, ನನ್ನ ಇಷ್ಟು ವರ್ಷಗಳ ಓದನ್ನು ಅಪ್ಪ ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ನನಗೆ ಆಸೆಯಾಯಿತು ಅವ್ವಾ. ಅವನು ಭಂಡಾರದ ಅರಿಷಿಣ ಎರಚಿ ದೇವರ ಜಗಲಿಯ ಮೇಲೆ ಬೀರದೇವರ ಪಕ್ಕದಲ್ಲಿ ಅದನ್ನು ಇಟ್ಟಾಗ, ಇರಲಿ ಬಿಡಪ್ಪಾ ಎಂದವಳು ನಾನೇ. ಒಂದು ರಾತ್ರಿಯ ಮಟ್ಟಿಗೆ ಎಂದುಕೊಂಡಿದ್ದೆ. ಶಾಲೆಯ ಮಾರ್ಕ್ಸ್ ಕಾರ್ಡೂ ಒಂದೊಂದು ರಾತ್ರಿ ಅಲ್ಲೇ ಇರುತ್ತಿತ್ತಲ್ಲ.

ನೀವು ನಸುಕಿನಲ್ಲೇ ಹಿಂಡು ಹೊಡೆದುಕೊಂಡು ಹೋಗುವವರು ಎಂಬುದು ನನಗೆ ಮರೆತುಹೋಗಿತ್ತು. ಎದ್ದು ನೋಡಿದರೆ ಜಗಲಿ ಖಾಲಿ. ಬೀರದೇವರೂ ಇಲ್ಲ, ಮಲ್ಲಯ್ಯನೂ ಇಲ್ಲ, ನನ್ನ ಕಲ್ಲೂ ಇಲ್ಲ. ಡಬ್ಬಿ ಮಾತ್ರ ಬಾಯಿ ತೆರೆದುಕೊಂಡು ಬಿದ್ದಿತ್ತು. ಕುದುರೆಯ ಮೇಲೆ ಹೋಗುವ ದೇವರ ಗಂಟು ಕಟ್ಟುವಾಗ ನೀನು ಪಕ್ಕದಲ್ಲೇ ಇದ್ದಿರಬೇಕು. ನನ್ನನ್ನು ಎಬ್ಬಿಸಿ ಒಂದು ಮಾತು ಕೇಳಬಾರದಿತ್ತೇ? ಮಗಳು ದಣಿದು ಬಂದಾಳ, ಮಲಗಲಿ ಅಂದುಕೊಂಡಿರುವೆ. ನಿನ್ನ ಮಾಯೆ ಮಮತೆಯೇ ನನಗೆ ಮುಳುವಾಯಿತು ನೋಡು.

ಆಯಿ ದಿನವೂ ಕೇಳುತ್ತಾಳೆ, ಹೊಸ ದೇವರು ಎಲ್ಲಿಗೆ ಹೋದ ಅಂತ. ಕುರಿ ಕಾಯಲು ಹೋಗಿದ್ದಾನೆ ಅನ್ನುತ್ತೇನೆ. ಅವಳಿಗೆ ಬಹಳ ಸಂತೋಷವಾಗುತ್ತದೆ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸುತ್ತದೆ.

ಅಲ್ಲಿ ಲ್ಯಾಬಿನಲ್ಲಿ ಕೂತು ಏನು ಮಾಡುತ್ತೀ ಎಂದು ನೀನು ಒಮ್ಮೆ ಕೇಳಿದ್ದೆ. ಕಲ್ಲು ನೋಡುತ್ತೇನೆ ಎಂದು ಹಾರಿಸಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ, ಅಪ್ಪನ ಮುಂದೆ ಮಾತಾಡಲು ನಿನಗೆ ಬೇಕಾಗುತ್ತದೆ. ಯಾವ ಕಲ್ಲೂ ಯಾವ ಲೋಹವೂ ಒಳಗೆ ಸುಮ್ಮನಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಅಣುಗಳು ತಂತಮ್ಮ ಜಾಗದಲ್ಲೇ ನಡುಗುತ್ತಿರುತ್ತವೆ. ಉಪ್ಪಿನ ಹರಳಿನಲ್ಲಿ ಅವು ಐನಾಪುರದ ಕಬ್ಬಿನ ಹಾಗೆ ಸಾಲು ಹಿಡಿದು ನಿಂತಿರುತ್ತವೆ; ಒಂದು ಸಾಲು ನೋಡಿದರೆ ಇಡೀ ಹೊಲ ನೋಡಿದ ಹಾಗೆ. ಒಂದು ತುದಿಯ ನಡುಕ ಸಾಲುಗುಂಟ ಇನ್ನೊಂದು ತುದಿಗೆ ಹೋಗುತ್ತದೆ, ಅದು ಹೇಗೆಂದು ತಿಳಿದವರಿದ್ದಾರೆ. ನನ್ನ ಕಲ್ಲಿಗೆ ಕ್ವಾಸಿಕ್ರಿಸ್ಟಲ್ ಅನ್ನುತ್ತಾರೆ, ಹರಳಿನಂಥದ್ದು, ಆದರೆ ಪೂರ್ತಿ ಹರಳಲ್ಲ. ಇದರಲ್ಲಿ ಅಂಥ ಸಾಲು ಇಲ್ಲ. ಐದು ಮೂಲೆಯ ಫರಸಿ ಹಾಸಿ ನೆಲ ಮುಚ್ಚಲು ಬರುವುದಿಲ್ಲ, ಎಲ್ಲೋ ಒಂದು ಕಡೆ ಸಂದು ಉಳಿದೇ ಉಳಿಯುತ್ತದೆ. ಆದರೂ ಇದರೊಳಗೆ ಅಣುಗಳು ಐದರ ಹದ ಬಿಡದೆ ಕೂತಿವೆ. ಕೂತ ಬಗೆ ಒಂದೇ ಅಳತೆಯಲ್ಲಿ ತಿರುತಿರುಗಿ ಬರುವುದಿಲ್ಲ, ಹಾಗಂತ ಚೆಲ್ಲಾಪಿಲ್ಲಿಯೂ ಆಗಿಲ್ಲ.

ಇಂಥ ಕಡೆ ನಡುಕ ಹೇಗೆ ಸಾಗುತ್ತದೆ, ಎಲ್ಲಿ ಸಾಯುತ್ತದೆ? ಅದೇ ನನ್ನ ಪ್ರಶ್ನೆ. ನಮ್ಮ ಕುರಿದಡ್ಡಿಯನ್ನು ನೆನೆಸಿಕೊ. ಬಲೆಯ ಆಚೆ ತೋಳ ಸುಳಿದರೆ ಆ ಮಗ್ಗುಲಿನ ಕುರಿಗಳು ಬೆದರುತ್ತವೆ, ಬೆದರಿಕೆ ಒಂದರಿಂದ ಒಂದಕ್ಕೆ ದಾಟಿ ಈ ಮಗ್ಗುಲಿಗೆ ಬರುತ್ತದೆ. ಇದು ಒಂದು ಬಗೆಯ ಅಲುಗಾಟ. ಇನ್ನೊಂದಿದೆ. ಯಾವ ಬೆದರಿಕೆಯೂ ಇಲ್ಲದೆ ಒಂದು ಮುದಿ ಕುರಿ ಎದ್ದು ಪಕ್ಕದ ಖಾಲಿ ಜಾಗಕ್ಕೆ ಹೋಗಿ ಕೂಡುತ್ತದೆ, ಅದರ ಜಾಗಕ್ಕೆ ಇನ್ನೊಂದು ಸರಿಯುತ್ತದೆ. ಹಿಂಡು ಅದೇ, ಕೂತ ಬಗೆ ಬೇರೆ. ಉಪ್ಪಿನ ಹರಳಿಗೆ ಈ ಎರಡನೆಯದು ಗೊತ್ತಿಲ್ಲ, ನನ್ನ ಕಲ್ಲಿಗೆ ಗೊತ್ತು. ಮೊದಲನೆಯ ನಡುಕವನ್ನು ಈ ಎರಡನೆಯ ಸರಿದಾಟ ನುಂಗುತ್ತದೆಯೋ ಇಲ್ಲವೋ ಎಂದು ನೋಡಲು ನಾನು ಹೋಗಬೇಕಾಗಿರುವುದು. ಅಣುಸ್ಥಾವರದಲ್ಲಿ ಹುಟ್ಟುವ ನ್ಯೂಟ್ರಾನ್ ಎಂಬ ಕಣಗಳನ್ನು ಕಲ್ಲಿನ ಮೇಲೆ ಬಿಟ್ಟು, ಅವು ಹೇಗೆ ಹೊರಬರುತ್ತವೆ ಎಂದು ನೋಡುತ್ತಾರೆ. ಬಹಳಷ್ಟು ಕಣಗಳು ಏನನ್ನೂ ಮುಟ್ಟದೆ ಹಾದು ಹೋಗಿಬಿಡುತ್ತವೆ. ಅದಕ್ಕೇ ಕಲ್ಲು ದೊಡ್ಡದಿರಬೇಕು, ಇಡಿಯಾಗಿರಬೇಕು. ಚೂರು ನಡೆಯುವುದಿಲ್ಲ.

ಅವ್ವಾ, ಇಂಥದ್ದು ನನ್ನ ಹತ್ತಿರ ಇನ್ನೊಂದಿಲ್ಲ. ಎಷ್ಟೋ ಬೆಳೆಸಿದೆ, ಕೆಲವು ಜೋಳದ ಕಾಳಿನಷ್ಟಕ್ಕೇ ನಿಂತವು, ಕೆಲವು ಆರುವಾಗಲೇ ಸೀಳಿದವು. ಒಂದೇ ಒಂದು ಹೀಗೆ ಬಂತು. ಕುಲುಮೆಯಿಂದ ಅದು ಹೊರಬಂದ ದಿನ ನಾನು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ. ಹೊರದೇಶದ ಆ ಸ್ಥಾವರದಲ್ಲಿ ನನ್ನ ಸರದಿ ಇರುವುದು ಮುಂದಿನ ವಾರ. ಅದು ತಪ್ಪಿದರೆ ಸ್ಥಾವರವನ್ನು ದುರಸ್ತಿಗೆಂದು ಮುಚ್ಚುತ್ತಾರೆ, ಮತ್ತೆ ತೆರೆಯುವ ಹೊತ್ತಿಗೆ ನನ್ನನ್ನು ಕರೆಯುವವರು ಯಾರೂ ಇರುವುದಿಲ್ಲ. ನಿನಗೆ ಇದುವರೆಗೆ ಹೇಳದೆ ಇದ್ದ ಮಾತೊಂದಿದೆ. ನನ್ನ ಫೆಲೋಶಿಪ್ ಮುಗಿದಿದೆ. ನಮ್ಮ ಮೇಡಂ ತಮ್ಮ ಮಾತಿನ ಮೇಲೆ ಲ್ಯಾಬಿನಲ್ಲಿ ಇರಗೊಟ್ಟಿದ್ದಾರೆ, ಈ ಪ್ರಯೋಗ ಆಗುವ ತನಕ. ನಿನ್ನೆ ಅವರು ಫೋನು ಮಾಡಿ ಕಲ್ಲು ಹುಷಾರು ಅಂದರು. ನನ್ನ ದಿಂಬಿನ ಪಕ್ಕದಲ್ಲೇ ಇದೆ ಮೇಡಂ ಅಂದೆ. ಹೇಳುವಾಗ ಖಾಲಿ ಡಬ್ಬಿಯನ್ನು ನೋಡುತ್ತಿದ್ದೆ.

ಮಾಳೇಶನ ವಿಷಯ ನಿನಗೆ ಗೊತ್ತೇ ಇದೆ. ಶನಿವಾರ ನಿಮಗೆ ಹಿಟ್ಟು ತಲುಪಿಸಲು ಹೊರಟಿದ್ದ. ದುರಗಪ್ಪ ಕಾಕಾನ ಮಗನಲ್ಲವೇ, ಕಾಕಾನ ಹಾಗೆಯೇ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ, ಅದೇ ಈಗ ಹೆದರಿಕೆ. ಕಲ್ಲು ತಗೊಂಡು ಬಾ ಅಂದೆ. ಗಂಟು ಕಟ್ಟಿದ ಮೇಲೆ ಅಮಾವಾಸ್ಯೆಯ ತನಕ ಬಿಚ್ಚುವುದಿಲ್ಲ, ದೊಡ್ಡಪ್ಪ ಒಪ್ಪುವುದಿಲ್ಲ ಅಂದ. ನನ್ನ ಮೈ ಉರಿಯಿತು. ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದೆ.

"ನಿಮ್ಮ ದೇವರಾಗ ನನಗ ಪಾಲಿಲ್ಲ, ನನ್ನ ಕಲ್ಲಿನ್ಯಾಗ ನಿಮಗೂ ಪಾಲಿಲ್ಲ. ಹಿಂಗಂತ ಹೇಳು ಅಪ್ಪಗ."

ಇದು ಎಲ್ಲಿಂದ ಬಂತೆಂದು ನಿನಗೆ ಹೇಳಬೇಕಿಲ್ಲ. ದುರಗಪ್ಪ ಕಾಕಾ ಬೇರೆ ಆದಾಗ ನಾನು ಸಣ್ಣವಳು. ಕುರಿ, ಕಂಬಳಿ, ನಾಯಿ ಎಲ್ಲ ಹಂಚಿಕೊಂಡ ಮೇಲೆ ದೇವರನ್ನೂ ಹಂಚಿದರು. ಬೀರದೇವರ ಕಲ್ಲನ್ನು ಹೊಳೆಯ ದಂಡೆಯಲ್ಲಿ ಒಡೆದು ಒಂದು ಹೋಳನ್ನು ಕಾಕಾ ರುಮಾಲಿನಲ್ಲಿ ಕಟ್ಟಿಕೊಂಡ. ದೇವರನ್ನು ಒಡೆಯುತ್ತಾರೆಯೇ ಎಂದು ನಾನು ಹೆದರಿದ್ದೆ. ಕಡೆದ ಮೂರ್ತಿಯನ್ನು ಒಡೆಯಬಾರದು, ತಾನಾಗಿ ಹುಟ್ಟಿದ್ದಕ್ಕೆ ಆ ದೋಷವಿಲ್ಲ, ಎರಡು ಹೋಳಾದರೂ ಎರಡರಲ್ಲೂ ಅವನೇ ಇರುತ್ತಾನೆ ಎಂದು ಆಯಿ ಹೇಳಿದಳು. ಹಾಗಾದರೆ ನನ್ನ ಹೋಳು ಎಲ್ಲಿ ಎಂದು ಕೇಳಿದೆ. ಎಲ್ಲರೂ ನಕ್ಕರು. ಹೆಣ್ಣುಮಕ್ಕಳಿಗೆ ದೇವರ ಪಾಲಿಲ್ಲ, ಗಂಡನ ಮನೆಯ ದೇವರೇ ಅವರ ದೇವರು ಎಂದಳು ಆಯಿ. ಅಪ್ಪ ಮಾತ್ರ ನಗಲಿಲ್ಲ, ನನ್ನನ್ನು ಎತ್ತಿ ಕುದುರೆಯ ಮೇಲೆ ಕೂಡಿಸಿದ. ಇಷ್ಟು ವರ್ಷದ ಮೇಲೆ ಆ ಮಾತನ್ನು ತಂದು ಅವನ ಮುಖಕ್ಕೇ ಎಸೆದೆ. ಮಾಳೇಶ ಇನ್ನೂ ತಿರುಗಿ ಬಂದಿಲ್ಲ. ಅಪ್ಪ ಏನಂದ ಎಂದು ಯೋಚಿಸಿ ಯೋಚಿಸಿ ಅನ್ನ ಇಳಿಯುತ್ತಿಲ್ಲ.

ಈಗ ನೀನೇ ದಾರಿ ನೋಡಬೇಕು. ಸಾಧ್ಯವಾದರೆ ನಿಜ ಹೇಳು. ಅದು ದೇವರಲ್ಲ, ಮಾಯಾ ಒಲೆ ಹೊತ್ತಿಸಿ ಬೆಳೆಸಿದ ಲೋಹ ಅಂತ. ಹೇಳಿದರೆ ಅವನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಬೇನೆಯಿಂದ ಉಳಿದ ಕುರಿಗಳನ್ನು ಈ ಹೊಸ ದೇವರೇ ಕಾಯುತ್ತಾನೆ ಎಂದು ನಂಬಿ ಹೋಗಿದ್ದಾನೆ. ಅದನ್ನು ಕಿತ್ತುಕೊಳ್ಳಲು ನಿನಗೆ ಹೇಳುತ್ತಿದ್ದೇನಲ್ಲ, ನಾನು ಎಂಥ ಮಗಳು? ಆದರೂ ಹೇಳುತ್ತಿದ್ದೇನೆ. ಹೇಳಲಾಗದಿದ್ದರೆ ಸುಳ್ಳು ಹೇಳು. ಮಾಯಾಳ ಕನಸಿನಲ್ಲಿ ದೇವರು ಬಂದು ತಿರುಗಿ ಕರಕೊಂಡು ಬಾ ಅಂದ ಎನ್ನು. ಅದೂ ಆಗದಿದ್ದರೆ ಅವನು ಹಿಂಡಿನ ಕಡೆ ಹೋದಾಗ ನೀನೇ ಗಂಟು ಬಿಚ್ಚು. ಹೆಂಗಸರು ಅದನ್ನು ಮುಟ್ಟಬಾರದು, ಗೊತ್ತು. ಪಾಪ ನನಗಿರಲಿ. ಆ ಜಾಗದಲ್ಲಿ ಅದೇ ಅಳತೆಯ ಒಂದು ಹೊಳೆಗಲ್ಲಿಟ್ಟು ಭಂಡಾರ ಬಳಿದುಬಿಡು. ಹೀಗೆಲ್ಲ ಬರೆಯುವ ಸ್ಥಿತಿಗೆ ಬಂದಿದ್ದೇನೆ.

ಕುದುರೆಯ ಬಗ್ಗೆ ಹುಷಾರು. ನೋಡಲು ಕಬ್ಬಿಣದ ಹಾಗಿದ್ದರೂ ಅದು ಗಾಜಿನಷ್ಟೇ ಪೆಡಸು. ಕುದುರೆ ಎಡವಿದರೆ ಸಾಕು, ಬೀರದೇವರ ಕಲ್ಲು ತಾಗಿ ಒಡೆದುಹೋಗುತ್ತದೆ. ಸಿಕ್ಕ ಕೂಡಲೇ ಉಣ್ಣೆಯಲ್ಲಿ ಸುತ್ತಿ ಭರಮುವಿನ ಕೈಯಲ್ಲೇ ಕೊಟ್ಟು ಕಳಿಸು. ತೊಡೆಯ ಮೇಲಿಟ್ಟುಕೊಂಡು ಬಾ ಎಂದು ಅವನಿಗೆ ಹೇಳಿದ್ದೇನೆ. ಬುಧವಾರ ಸಂಜೆಯ ತನಕ ಬಾಗಿಲಲ್ಲೇ ಕೂತಿರುತ್ತೇನೆ.

ಆಯಿ ಉಣ್ಣುತ್ತಿದ್ದಾಳೆ, ಅವಳ ಚಿಂತೆ ಬೇಡ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊ.

ನಿನ್ನ ಕೈ ಕಾಯುತ್ತಿರುವ,
ಮಾಯಾ

ತಾ.ಕ.: ಪತ್ರ ಮಡಚಿಟ್ಟು ಏಳುವಷ್ಟರಲ್ಲಿ ಮಾಳೇಶನ ಗಾಡಿ ಬಂತು. ಕೆಂಪು ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ, ಕೊಡುವ ಮುಂಚೆ ಚಪ್ಪಲಿ ಬಿಟ್ಟ. ನನ್ನ ಮಾತು ಕೇಳಿ ಅಪ್ಪ ಆ ದಿನ ಊಟ ಮಾಡಲಿಲ್ಲವಂತೆ. ಇವತ್ತು ಮುಂಜಾನೆ ಹೊಳೆಯಲ್ಲಿ ಮುಳುಗಿ ಬಂದು, ಅಮಾವಾಸ್ಯೆಗೂ ಕಾಯದೆ ಗಂಟು ಬಿಚ್ಚಿದನಂತೆ. ಅಪ್ಪ ಅಂದದ್ದನ್ನು ಮಾಳೇಶ ಹಾಗೆಯೇ ಒಪ್ಪಿ‌ಸಿದ: "ಹುಡುಗಿ ಖರೇ ಅಂದಾಳ. ದೇವರನ್ನ ತಂದಾಕಿ ಆಕಿ, ಆಕಿಗೇ ಪಾಲಿಲ್ಲ ಅಂದ್ರ ಹೆಂಗ? ದೊಡ್ಡ ಹೋಳ ಆಕಿಗೆ ಕೊಡ್ರಿ."

ದಂಡೆಯ ಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಒಂದೇ ಏಟು. ನೀನೂ ಅಲ್ಲೇ ಇದ್ದೆಯಂತೆ, ನನ್ನ ಹೋಳಿಗೆ ಕುಂಕುಮ ಇಟ್ಟವಳು ನೀನೇ ಅಂತೆ. ಹೆಣ್ಣುಮಗಳಿಗೆ ದೇವರ ಪಾಲು ಕೊಟ್ಟದ್ದು ನಮ್ಮ ಮನೆತನದಲ್ಲಿ ಇದೇ ಮೊದಲೆಂದು ಮಾಳೇಶ ಕಣ್ಣು ಒರೆಸಿಕೊಂಡ. ನಾನೂ ಅತ್ತೆ. ಇಬ್ಬರೂ ಒಂದೇ ಕಾರಣಕ್ಕೆ ಅಳುತ್ತಿದ್ದೇವೆ ಎಂದುಕೊಂಡು ನನ್ನ ತಲೆ ಸವರಿದ.

ನನ್ನ ಹೋಳಿನಲ್ಲಿ ಈ ತುದಿಯಿಂದ ಆ ತುದಿಗೆ ಬಿರುಕು ಹೋಗಿದೆ. ಇದರಿಂದ ಇನ್ನು ಯಾವ ಪ್ರಯೋಗವೂ ಆಗುವುದಿಲ್ಲ. ಮೇಡಂಗೆ ಇನ್ನೂ ಫೋನು ಮಾಡಿಲ್ಲ, ಮಾಡಿ ಏನು ಹೇಳಲಿ ಎಂದೂ ಗೊತ್ತಿಲ್ಲ. ಮೇಲಿನದನ್ನೆಲ್ಲ ಹರಿದು ಹಾಕೋಣವೆಂದು ಕೈಯಲ್ಲಿ ಹಿಡಿದಿದ್ದೆ, ಆಗಲಿಲ್ಲ. ಏನು ಹೋಯಿತೆಂದು ಈ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಓದಿ ಒಲೆಗೆ ಹಾಕು. ಅಪ್ಪನಿಗೆ ಇದರಲ್ಲಿ ಒಂದಕ್ಷರವೂ ತಿಳಿಯಬಾರದು, ನನ್ನಾಣೆ.

ಅವನು ಕೇಳಿದರೆ, ಮಾಯಾ ತನ್ನ ಪಾಲನ್ನು ಕಣ್ಣಿಗೊತ್ತಿಕೊಂಡಳು ಎಂದು ಹೇಳು. ಒತ್ತಿಕೊಂಡಿದ್ದೇನೆ ಅವ್ವಾ. ಸುಳ್ಳಲ್ಲ.